ಎಡಗೈ ಗಂಟೆ

ಜುಲೈ 14, 2007, ಶನಿವಾರ. ಬೆಳಿಗ್ಗೆ ಎಂಟು

ಇವತ್ತೂ ಆಗಲಿಲ್ಲ. ನಾಲ್ಕು ಸಲ ಒಳಗೆ ಹೋದೆವು, ನಾಲ್ಕು ಸಲವೂ ಸತ್ತೆವು. ಐದನೆಯದಕ್ಕೆ ಅಣಿಯಾಗುವಾಗ ಅರಕಲಗೂಡಿನಲ್ಲಿ ಕರೆಂಟ್ ಹೋಯಿತು. ಪ್ರದ್ಯುಮ್ನನ ಎರಡು ಮಿಸ್ಡ್ ಕಾಲ್. ಅಲ್ಲಿಗೆ ಮುಗಿಯಿತು.

ಒಂದು ಮಿಸ್ಡ್ ಕಾಲ್ ಅಂದರೆ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಎರಡು ಅಂದರೆ ಕರೆಂಟ್ ಇಲ್ಲ, ಕಾಯಬೇಡಿ. ನಮ್ಮ ನಿಯಮ ಇಷ್ಟೇ. ಬ್ರಾಡ್‌ಬ್ಯಾಂಡ್ ಬೆಳಿಗ್ಗೆ ಎಂಟರವರೆಗೆ ಮಾತ್ರ ಫ್ರೀ. ಲೋಡ್ ಶೆಡ್ಡಿಂಗ್ ನಾಲ್ಕು ಊರಿಗೆ ನಾಲ್ಕು ಹೊತ್ತು. ಹಾಸನದಲ್ಲಿ ನಾನು, ಹೊಳೆನರಸೀಪುರದಲ್ಲಿ ಅಪ್ಪಾಜಿ ಮೇಷ್ಟ್ರು, ಅರಕಲಗೂಡಿನಲ್ಲಿ ಪ್ರದ್ಯುಮ್ನ, ಚನ್ನರಾಯಪಟ್ಟಣದಲ್ಲಿ ವಸಿಷ್ಠ. ನಾಲ್ಕೂ ಕಡೆ ಒಟ್ಟಿಗೆ ಕರೆಂಟ್ ಇರುವ ಸ್ವಲ್ಪ ಹೊತ್ತಿನಲ್ಲಿ ಆಟದೊಳಗಿನ ಒಬ್ಬ ರಾಕ್ಷಸನನ್ನು ಕೆಡವಬೇಕು. ನಾನು ಎಕನಾಮಿಕ್ಸ್ ಲೆಕ್ಚರರ್, ವಯಸ್ಸು ನಲವತ್ತಾರು. ಬೆಳಗಾಗುತ್ತಲೇ ಎದ್ದು ಮಾಡುವ ಕೆಲಸವೇ ಇದು?

ತಿಂಡಿಯ ಹೊತ್ತಿಗೆ ನಮ್ಮನೆಯವರೂ ಅದನ್ನೇ ಕೇಳಿದರು, ಅಷ್ಟು ಹೊತ್ತು ನೀನು ಅದರಲ್ಲಿ ಮಾಡೋದಾದರೂ ಏನು ಅಂತ. ವಿವರಿಸಿದೆ. ನೆಲದಡಿಯ ಕೋಟೆ, ಡಂಜನ್ ಅನ್ನುತ್ತಾರೆ. ಒಬ್ಬರೇ ಹೋದರೆ ಬದುಕಿ ಬರುವುದಿಲ್ಲ. ಮೇಷ್ಟ್ರು ಟ್ಯಾಂಕ್ — ಗುರಾಣಿ ಹಿಡಿದು ಮುಂದೆ ನಿಂತು ಪೆಟ್ಟು ತಿನ್ನುವವರು. ಹುಡುಗರಿಬ್ಬರು ಹಿಂದಿನಿಂದ ಹೊಡೆಯುವವರು. ನಾನು ಹೀಲರ್. ಪೆಟ್ಟು ಬಿದ್ದವರಿಗೆ ಪ್ರಾಣ ತುಂಬುತ್ತಾ ಇರುವುದು. ಇಷ್ಟು ದಿನದಲ್ಲಿ ಒಮ್ಮೆಯೂ ಯಾರಿಗೂ ಹೊಡೆದಿಲ್ಲ ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಹೊಡೆಯೋರಿಗೆ ಔಷಧಿ ಹಚ್ಚೋದು ಅಹಿಂಸೆ ಲೆಕ್ಕಕ್ಕೆ ಬರುತ್ತಾ?” ಅಂದರು. “ಬಸದೀಲಿ ಪಂಡಿತರನ್ನ ಕೇಳ್ಬೇಕು.”

ನಗುತ್ತಾ ಅಂಗಡಿಗೆ ಹೊರಟರು. ಪಾತ್ರೆ ಅಂಗಡಿಯವರ ಲೆಕ್ಕ ಯಾವಾಗಲೂ ನೇರ.

ಜುಲೈ 22, ಭಾನುವಾರ

ಶ್ರದ್ಧಾ ಮೈಸೂರಿನಿಂದ ಫೋನ್ ಮಾಡಿದ್ದಳು. ಅಮ್ಮ ಇನ್ನೂ ಆಡ್ತಿದ್ದೀಯಾ ಅಂತ ಆಶ್ಚರ್ಯ. ಹಾಸ್ಟೆಲಿಗೆ ಹೋಗುವಾಗ ಅವಳೇ ಹಾಕಿಕೊಟ್ಟ ಆಟ, ದಿನಾ ಇದರಲ್ಲಿ ಸಿಗೋಣ ಅಂತ. ಅವಳು ಎರಡೇ ತಿಂಗಳಿಗೆ ಬಿಟ್ಟಳು. ನಾನು ಉಳಿದೆ. ಒಂದು ದಿನ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ‘ಕರೆಂಟ್ ಹೋಯ್ತು ಕಣ್ರಪ್ಪೊ, ಯುಪಿಎಸ್ ಇರೋಗಂಟ ಹೊಡೀರಿ’ ಎಂದು ಟೈಪ್ ಮಾಡಿದರು. ಯಾವೂರು ಅಂದೆ. ಅವರೇ ಅಪ್ಪಾಜಿ ಮೇಷ್ಟ್ರು. ರಿಟೈರಾದ ಪಿ.ಟಿ. ಮಾಸ್ತರು. ಶಾಲೆಯ ಹುಡುಗರಿಗೆ ಕಬಡ್ಡಿ ಆಡಿಸುತ್ತಿದ್ದವರು, ಈಗ ನಮ್ಮನ್ನು ಆಡಿಸುತ್ತಾರೆ. ಹೆಡ್‌ಫೋನಿನಲ್ಲಿ ಅದೇ ಧ್ವನಿ: “ಸರಪಳಿ ಬುಡಬ್ಯಾಡಿ! ಒಬ್ಬ ನುಗ್ಗುದ್ರೆ ನಾಲ್ಕೂ ಜನ ನುಗ್ಗಬೇಕು!”

ಈಗಿನ ರಾಕ್ಷಸನಿಗೆ ಹೆಸರಿಟ್ಟವರೂ ಅವರೇ, ಗಂಟೆಯವನು. ಎರಡು ಕೈಯಲ್ಲಿ ಎರಡು ಗಂಟೆ; ಪರದೆಯಲ್ಲಿ ನಮ್ಮ ಎಡಕ್ಕೆ ಕಾಣುವುದನ್ನು ಎಡಗೈ ಗಂಟೆ ಅನ್ನುತ್ತೇವೆ. ಯಾವ ಗಂಟೆ ಮೇಲೆತ್ತುತ್ತಾನೋ ಆ ಕಡೆ ಪೆಟ್ಟು ಬೀಳುತ್ತದೆ. ಮುಂದೆ ನಿಂತವರು ನೋಡಿಕೊಂಡು ಇನ್ನೊಂದು ಕಡೆಗೆ ಸರಿಯಬೇಕು. ಇಷ್ಟೇ ಗುಟ್ಟು.

ಹುಡುಗರು ರಾಕ್ಷಸನನ್ನು ನೋಡುತ್ತಿರುತ್ತಾರೆ. ನಾನು ನೋಡುವುದು ಪಟ್ಟಿಗಳನ್ನು. ಒಬ್ಬೊಬ್ಬರಿಗೆ ಒಂದು ಹಸಿರು ಪಟ್ಟಿ, ಪೆಟ್ಟು ಬಿದ್ದಂತೆ ಕುಗ್ಗುತ್ತದೆ. ಹಾಗಾಗಿ ನನಗೆ ಮಾತ್ರ ಕಂಡಿದ್ದಿರಬೇಕು. ಬಲಗಡೆ ಗಂಟೆ ಎತ್ತಿದಾಗ ಮೇಷ್ಟ್ರು ಚಿಗರೆಯ ಹಾಗೆ ಸರಿಯುತ್ತಾರೆ. ಎಡಗಡೆಯದು ಎತ್ತಿದಾಗಲೆಲ್ಲ ಪೆಟ್ಟು ತಿನ್ನುತ್ತಾರೆ. ಪ್ರತಿ ಸಲ.

ನೆಟ್ ಸ್ಲೋ ಅನ್ನುತ್ತಾರೆ. ಎಲ್ಲರೂ ನಂಬಿದ್ದಾರೆ.

ಆಗಸ್ಟ್ 5, ಭಾನುವಾರ

ಒಂದು ಉಪಾಯ ಕಲಿತಿದ್ದೇನೆ. ಎಡಗೈ ಗಂಟೆ ಮೇಲೇಳುತ್ತಿದ್ದ ಹಾಗೇ, ಪೆಟ್ಟು ಬೀಳುವ ಮೊದಲೇ, ಮೇಷ್ಟ್ರಿಗೆ ಪ್ರಾಣ ತುಂಬಲು ಶುರುಮಾಡುವುದು. ಪೆಟ್ಟೂ ಮದ್ದೂ ಒಟ್ಟಿಗೆ ತಲುಪುತ್ತವೆ. ಪಟ್ಟಿ ಕುಗ್ಗಿದ್ದೇ ಕಾಣುವುದಿಲ್ಲ. ಅವರಿಗೂ.

ವಸಿಷ್ಠ ಇವತ್ತು ಹೊಗಳಿದ, ಮೇಷ್ಟ್ರೇ ಬಂಡೆ ನಿಂತ ಹಾಗೆ ನಿಂತ್ರಿ ಅಂತ. ಅವನು ಹೊಗಳುವುದು ಅಪರೂಪ. ಪೂಜೆಯ ಮನೆತನ, ಈಗ ಬ್ಯಾಂಕ್ ಕೆಲಸ, ಎಲ್ಲ ಕರಾರುವಾಕ್ಕಾಗಿ ಆಗಬೇಕು ಅವನಿಗೆ.

“ಮೂವತ್ತು ವರ್ಷ ಕಬಡ್ಡಿ ಆಡ್ಸಿದ್ದೀನಿ ಕಣಪ್ಪಾ,” ಅಂದರು ಮೇಷ್ಟ್ರು. “ನಿಲ್ಲಾದು ಎಂಗೆ ಅಂತ ಗೊತ್ತು.”

ಎಷ್ಟು ಖುಷಿ ಆ ಧ್ವನಿಯಲ್ಲಿ. ಸುಮ್ಮನಿದ್ದೆ.

ಆದರೆ ಅವರಿಗಾಗಿ ಕಾದು ಕೂತಿದ್ದರಿಂದ ಪ್ರದ್ಯುಮ್ನನಿಗೆ ಸಮಯಕ್ಕೆ ಸಿಗಲಿಲ್ಲ. ಎರಡು ಸಲ ಸತ್ತ. ಸಾರಿ ಆಂಟಿ, ನಂದೇ ತಪ್ಪು, ಮುಂದೆ ಹೋಗ್ಬಿಟ್ಟೆ ಅಂದ. ಅವನು ಮುಂದೆ ಹೋಗಿರಲಿಲ್ಲ. ಅದಕ್ಕೂ ಸುಮ್ಮನಿದ್ದೆ.

ಮಣಿಕಟ್ಟು ನೋಯುತ್ತಿದೆ. ಬಿಸಿನೀರಿನ ಶಾಖ.

ಆಗಸ್ಟ್ 19, ಭಾನುವಾರ. ಸಂಜೆ

ಕಣ್ಣಿನದೇ ಇರಬೇಕು. ವಯಸ್ಸು ಅಂದುಕೊಂಡಿದ್ದೆ. ವಯಸ್ಸಾದರೆ ಎರಡೂ ಕಡೆ ನಿಧಾನವಾಗಬೇಕಲ್ಲ, ಒಂದೇ ಕಡೆ ಯಾಕೆ?

ಮೇಷ್ಟ್ರಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕಣ್ಣು ಯಾವಾಗ ತೋರಿಸಿದ್ದಿರಿ ಅಂತ ಕೇಳಿದೆ. ಓದೋ ಕನ್ನಡಕ ಹೋದ ವರ್ಷ ಬದಲಾಯಿಸಿದ್ದಾರಂತೆ. ಗೋಡೆಯ ಮೇಲಿನ ಅಕ್ಷರ ಕೊನೆಯ ಸಾಲಿನವರೆಗೂ ಓದಿದರಂತೆ, ಅಂಗಡಿಯವನೇ ಬೆರಗಾದನಂತೆ. ಅಲ್ಲಿಗೆ ಮಾತು ಕಬಡ್ಡಿಗೆ ತಿರುಗಿತು. ಎಡ ಮೂಲೆಯಲ್ಲಿ ನಿಲ್ಲುವವನೇ ತಂಡದ ಜೀವ ಅಂತ ಅರ್ಧ ಗಂಟೆ.

ಇನ್ನೊಂದು ಮಾತು ಕೇಳಬಹುದಿತ್ತು, ಎಡಗಡೆಯದು ಕಾಣುತ್ತದಾ ಅಂತ. ಕೇಳಲಿಲ್ಲ. ಆಟ ಬಿಟ್ಟರೆ ಅವರು ವಿಷಲ್ ಊದಿ ಆಡಿಸಲು ಯಾರಿದ್ದಾರೆ ಅನ್ನುವುದು ನಾನು ನನಗೆ ಕೊಟ್ಟುಕೊಂಡ ಕಾರಣ. ಪ್ರಾಮಾಣಿಕವಾಗಿ ಬರೆಯುವುದಾದರೆ ಇನ್ನೊಂದೂ ಇದೆ. ನಾನು ಅವರನ್ನು ಬೀಳದಂತೆ ನಿಲ್ಲಿಸಿದ್ದೇನೆ ಅನ್ನುವುದು ನನಗೆ ಇಷ್ಟವಾಗುತ್ತಿದೆಯೇ? ಕಾಲೇಜಿನಲ್ಲಿ ನಾನಿಲ್ಲದಿದ್ದರೆ ನಿಂತುಹೋಗುವಂಥದ್ದು ಏನೂ ಇಲ್ಲ.

ಸೆಪ್ಟೆಂಬರ್ 9, ಭಾನುವಾರ

ಇನ್ನೇನು ಬಿದ್ದ ಅನ್ನುವಷ್ಟರಲ್ಲಿ ತಪ್ಪಿತು. ಗಂಟೆಯವನ ಪಟ್ಟಿಯಲ್ಲಿ ಬೆರಳ ತುದಿಯಷ್ಟು ಉಳಿದಿತ್ತು. ಎಡಗೈ ಗಂಟೆ ಒಂದರ ಹಿಂದೆ ಒಂದು ಎರಡು ಸಲ ಎತ್ತಿದ. ಒಂದಕ್ಕೆ ಮದ್ದು ಕೊಟ್ಟೆ, ಎರಡನೆಯದಕ್ಕೆ ಬೆರಳು ತಲುಪಲಿಲ್ಲ. ಮೇಷ್ಟ್ರು ಬಿದ್ದರು, ಹಿಂದೆಯೇ ನಾವು ಮೂವರೂ.

ಯಾರೂ ನನ್ನನ್ನು ಬೈಯಲಿಲ್ಲ. ಹೆಡ್‌ಫೋನ್ ತೆಗೆದಿಟ್ಟು ಹಾಗೇ ಕುರ್ಚಿಯಲ್ಲಿ ಒರಗಿದೆ, ನಿದ್ದೆ ಹತ್ತಿತು. ಕಾಲೇಜಿಗೆ ತಡವಾಗಿದೆ ಅಂತ ಗಾಬರಿಯಾಗಿ ಎದ್ದೆ. ಆಮೇಲೆ ಭಾನುವಾರ ಅಂತ ನೆನಪಾಯಿತು.

ಸೆಪ್ಟೆಂಬರ್ 16, ಭಾನುವಾರ. ದಶಲಕ್ಷಣ ಪರ್ವದ ಮೊದಲ ದಿನ

ಬಸದಿಯಲ್ಲಿ ಪೂಜೆಯಾದ ಮೇಲೆ ಹೆಂಗಸರೆಲ್ಲ ಜಗಲಿಯಲ್ಲಿ ಕೂತು, ಈ ಹತ್ತು ದಿನ ಯಾರು ಏನು ಬಿಡುತ್ತೀರಿ ಅನ್ನುವ ಮಾತು. ಒಬ್ಬರು ಎಣ್ಣೆ, ಒಬ್ಬರು ಹಾಲು, ಒಬ್ಬರು ಟಿ.ವಿ. ಧಾರಾವಾಹಿ. ಸಣ್ಣಕ್ಕ, ಇವರ ಸೋದರತ್ತೆ, ನನ್ನ ಕಡೆ ತಿರುಗಿದರು.

“ನೀನೇನೇ ಬಿಡ್ತೀಯ ಮರುದೇವಿ? ಬದನೆಕಾಯಿ ಅಂತ ಮಾತ್ರ ಹೇಳ್ಬೇಡ. ನೀನದನ್ನ ತಿನ್ನೋದೇ ಇಲ್ಲ.”

ಎಲ್ಲರೂ ನಕ್ಕರು. ಇಷ್ಟವಾದದ್ದನ್ನು ಬಿಟ್ಟರೆ ತಾನೇ ತ್ಯಾಗ ಅಂದರು ಸಣ್ಣಕ್ಕ. “ಕಂಪ್ಯೂಟರ್,” ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಹೇಳಿದ ಮೇಲೆ ಹಿಂತೆಗೆಯುವ ಹಾಗಿಲ್ಲ.

ಮನೆಗೆ ಬಂದು ವಸಿಷ್ಠನಿಗೆ ತಿಳಿಸಿದೆ. ಇಷ್ಟು ಹತ್ತಿರ ಬಂದಾಗ ಹೀಗೆ ಮಾಡಿದರೆ ಹೇಗೆ ಮೇಡಂ ಅಂತ ಗೊಣಗಿದ. ವ್ರತ ಅಂದ ಮೇಲೆ ಮರುಮಾತಾಡಲಿಲ್ಲ. ಪರ್ವ ಮುಗಿಯುವವರೆಗೆ ಬೇರೆ ಹೀಲರ್ ಹುಡುಕುತ್ತಾರಂತೆ.

ನಾಳೆ ಬೆಳಗಿನ ನಿದ್ದೆ ನೆನೆಸಿಕೊಂಡೇ ಮೈ ಹಗುರವಾಯಿತು. ಇದು ವ್ರತವೋ, ರಜೆಯೋ?

ಸೆಪ್ಟೆಂಬರ್ 19, ಬುಧವಾರ

ಪ್ರದ್ಯುಮ್ನ ಮಧ್ಯಾಹ್ನ ಫೋನ್ ಮಾಡಿದ. ಅವನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಸದ್ದಿನ ನಡುವೆ ಅರ್ಧ ಕೇಳಿಸಲಿಲ್ಲ. ಹೊರಗೆ ಬಾ ಅಂದೆ.

ಮಲೇಷ್ಯಾದ ಯಾರೋ ಹೀಲರ್ ಸಿಕ್ಕನಂತೆ. ಗಂಟೆಯವನ ಹತ್ತಿರ ಹೋಗುವುದು ಬೇಡ, ಅಭ್ಯಾಸಕ್ಕೆ ಹಳೆಯ ಡಂಜನ್ ಸಾಕು ಅಂತ ಹೋದರಂತೆ. ನಾವು ಹರಟೆ ಹೊಡೆಯುತ್ತಲೇ ಮುಗಿಸುತ್ತಿದ್ದ ಜಾಗ. ಮೇಷ್ಟ್ರು ಮೇಲಿಂದ ಮೇಲೆ ಸತ್ತರಂತೆ. ಬಾಗಿಲ ಹತ್ತಿರದ ಚಿಲ್ಲರೆ ಜೇಡಗಳಿಂದ. ಎಡಗಡೆ ಗೋಡೆಯಿಂದ ಇಳಿದು ಬರುವಂಥವು. ಕೊನೆಗೆ ಆ ಹೀಲರ್, ನಿಮ್ಮ ಟ್ಯಾಂಕ್ ಕುರುಡನಾ ಅಂತ ಇಂಗ್ಲಿಷಿನಲ್ಲಿ ಬರೆದು ಹೊರಟುಹೋದನಂತೆ.

ಮೇಷ್ಟ್ರು ಓದಿದರಾ ಅಂತ ಕೇಳಿದೆ. ಓದಿದರು ಆಂಟಿ, ಏನೂ ಹೇಳಲಿಲ್ಲ, ನೆಟ್ ಸ್ಲೋ ಅಂತಾನೂ ಹೇಳಲಿಲ್ಲ ಅಂದ.

ವಸಿಷ್ಠ ಬೇರೆ ಟ್ಯಾಂಕ್ ನೋಡೋಣ ಅನ್ನುತ್ತಿದ್ದಾನೆ. ಪ್ರದ್ಯುಮ್ನನಿಗೆ ಅರ್ಥವಾಗದ್ದು ಒಂದೇ. “ನೀವಿದ್ದಾಗ ಇವ್ರು ಒಂದ್ಸಲಾನೂ ಇಂಗೆ ಬೀಳ್ತಿರ್ಲಿಲ್ವಲ್ಲ ಆಂಟಿ. ಅದೆಂಗೆ?”

ಆಮೇಲೆ ಮಾಡ್ತೀನಿ ಅಂತ ಇಟ್ಟೆ.

ಸೆಪ್ಟೆಂಬರ್ 20, ಗುರುವಾರ

ಐದನೆಯ ದಿನ. ದಿನಕ್ಕೊಂದು ಧರ್ಮ, ಇವತ್ತಿನದು ಸತ್ಯಧರ್ಮ. ಪಂಡಿತರು ಎಂದಿನಂತೆಯೇ ಹೇಳಿದರು, ಇವತ್ತೊಂದು ದಿನವಾದರೂ ಸುಳ್ಳಾಡಬೇಡಿ ಅಂತ. ಆಡದ ಮಾತಿನ ಸುಳ್ಳಿನ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ನಾನೇ ಹೇಳಿಕೊಂಡೆ.

ಸ್ಟಾಫ್ ರೂಮ್ ಖಾಲಿಯಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ನಿಮಗೆ ಎಡಗಡೆ ಕಾಣುತ್ತಿಲ್ಲ, ಪೆಟ್ಟು ಬೀಳುವ ಮೊದಲೇ ನಾನು ಮದ್ದು ಕೊಡುತ್ತಿದ್ದೆ, ಕಣ್ಣಿನ ಡಾಕ್ಟರಿಗೆ ತೋರಿಸಿ, ಕನ್ನಡಕದ ಅಂಗಡಿಯವನಿಗಲ್ಲ.

ಅಲ್ಲಿ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, “ಯಾವಾಗಿಂದ ಗೊತ್ತು ನಿಮ್ಗೆ?”

ಜುಲೈಯಿಂದ ಅಂದೆ.

“ಕಾಲು ಉಳುಕಿದ್ ಹುಡುಗನ್ನ ನಾನು ಒಂದಿನಾನೂ ಅಂಕಣದೊಳಕ್ಕೆ ಬುಟ್ಟೋನಲ್ಲ ಮೇಡಂ. ವಿಷಲ್ ಊದಿ, ಆಚೆ ಕರ್ದು ಕೂರಿಸ್ತಿದ್ದೆ. ಅತ್ರೂ ಬುಡ್ತಿರ್ಲಿಲ್ಲ.” ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. “ನೀವು ನಂಗೆ ಒಂದ್ ವಿಷಲ್ ಊದ್ಲಿಲ್ವಲ್ಲ.”

ಇಟ್ಟುಬಿಟ್ಟರು.

ಬಿ.ಎ. ಎರಡನೆಯ ವರ್ಷದವರಿಗೆ ಕ್ಲಾಸ್ ಇತ್ತು. ಹೋದೆ. ಏನು ಪಾಠ ಮಾಡಿದೆನೋ.

ಸೆಪ್ಟೆಂಬರ್ 24, ಸೋಮವಾರ

ಮೇಷ್ಟ್ರ ಹೆಂಡತಿ ಸರಸಮ್ಮ ಫೋನ್ ಮಾಡಿದ್ದರು. ಮೊದಲ ಸಲ ಅವರ ಧ್ವನಿ ಕೇಳಿದ್ದು. ಹಾಸನದ ಕಣ್ಣಾಸ್ಪತ್ರೆಯಿಂದಲೇ ಮಾತಾಡುತ್ತಿದ್ದರು. ಗ್ಲೂಕೋಮಾ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಅಂಚಿನಿಂದ ಒಳಕ್ಕೆ ಕತ್ತಲೆ ಬರುತ್ತದಂತೆ. ನೋವಿಲ್ಲ, ಏನಿಲ್ಲ, ಹಾಗಾಗಿ ತಿಳಿಯುವುದೇ ಇಲ್ಲ. ನೇರಕ್ಕೆ ಕಡೆಯವರೆಗೂ ಕಾಣುತ್ತದೆ, ಗೋಡೆಯ ಅಕ್ಷರ ಓದಿದ್ದು ಅದಕ್ಕೇ. ಎಡಗಣ್ಣು ಬಹುಪಾಲು ಹೋಗಿದೆ. ಬಲಗಣ್ಣಿನಲ್ಲೂ ಮೂಗಿನ ಕಡೆಯಿಂದ, ಅಂದರೆ ಎಡದಿಂದಲೇ, ಈಗಷ್ಟೇ ಶುರು. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಆಪರೇಷನ್ ಮಾಡಿ, ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬಹುದು. ಬೇಗ ಬಂದಿದ್ದರೆ ಅಂದರಂತೆ ಡಾಕ್ಟರು.

ಆಸ್ಪತ್ರೆಗೆ ಬರಲಾ ಅಂದೆ. ಅವರು ಅತ್ತ ತಿರುಗಿ ಕೇಳಿದ್ದು ಕೇಳಿಸಿತು. ಉತ್ತರ ಕೇಳಿಸಲಿಲ್ಲ. “ಬ್ಯಾಡ್ವಂತೆ,” ಅಂದರು.

ಜುಲೈ, ಆಗಸ್ಟ್, ಸೆಪ್ಟೆಂಬರ್. ಎಷ್ಟು ಕತ್ತಲೆ ಆ ತಿಂಗಳುಗಳದ್ದು? ಯಾವ ಡಾಕ್ಟರೂ ಹೇಳಲಾರರು.

ಒಪ್ಪತ್ತು ಊಟ. ಅದೂ ಸೇರಲಿಲ್ಲ.

ಸೆಪ್ಟೆಂಬರ್ 27, ಗುರುವಾರ. ಕ್ಷಮಾವಣಿ

ನಿನ್ನೆಯಿಂದ ಮನೆಗೆ ಬಂದವರು, ಎದುರಿಗೆ ಸಿಕ್ಕವರು, ಫೋನ್ ಮಾಡಿದವರು ಎಲ್ಲರೂ ಅದೇ ಮಾತು — ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ. ನಾನೂ ಅಂದೆ, ಅವರೂ ಅಂದರು. ಹೇಳುವಾಗ ಯಾರ ಮುಖದಲ್ಲೂ ಯಾವ ತಪ್ಪೂ ಇರುವುದಿಲ್ಲ. ಇವರು ಅಂಗಡಿಯ ಗಿರಾಕಿಗಳಿಗೂ ಹೇಳುತ್ತಾರೆ, ಲೋಟದ ಜೊತೆ ಉಚಿತ.

ಗೊತ್ತಿದ್ದೇ ಮಾಡಿದ್ದಕ್ಕೆ ಬಸ್ ಹತ್ತಬೇಕು ಅನ್ನಿಸಿತು. ಕಾಲೇಜಿಗೆ ರಜೆ ಹಾಕಿದೆ. ಹೊಳೆನರಸೀಪುರದ ಬಸ್ಸು. ದಾರಿಯಲ್ಲಿ ಮೊಸಳೆ ಅನ್ನುವ ಊರು ದಾಟುವವರೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಆಮೇಲೆ ಎಲ್ಲ ಅಳಿಸಿದೆ.

ಮನೆ ಕೋಟೆ ಬೀದಿಯ ಹಿಂದೆ. ಬಾಗಿಲು ತೆಗೆದವರು ಸರಸಮ್ಮ. ಮೇಷ್ಟ್ರು ನಡುಮನೆಯಲ್ಲಿ ಕುರ್ಚಿಯ ಮೇಲೆ. ಧ್ವನಿಗೆ ತಕ್ಕ ಮೈಕಟ್ಟು ಇರಬಹುದು ಅಂದುಕೊಂಡಿದ್ದೆ. ಸಣ್ಣ ಆಳು. ಕೂತ್ಕೊಳ್ಳಿ ಅಂದರು, ಅಷ್ಟೇ. ಅವರ ಎಡಗಡೆಯ ಕುರ್ಚಿಯಲ್ಲಿ ಕೂತಿದ್ದೆ, ತಿಳಿದು ಎದ್ದು ಬಲಗಡೆಗೆ ಬಂದೆ. ಅದು ಅವರಿಗೆ ಗೊತ್ತಾಯಿತು. ಮುಖ ಬಿಗಿಯಿತು.

ಇವತ್ತು ನಮ್ಮಲ್ಲಿ ಕ್ಷಮೆ ಕೇಳುವ ದಿನ ಅಂದೆ. ಗೊತ್ತಿದ್ದೂ ಸುಮ್ಮನಿದ್ದೆ, ನಿಮಗಾಗಿ ಅಂದುಕೊಂಡೆ, ಪೂರ್ತಿ ನಿಮಗಾಗಿ ಅಲ್ಲ. ಕ್ಷಮಿಸಿ.

ಸರಸಮ್ಮ ಕಾಫಿ ತಂದರು. ನನಗೆ ಕೊಟ್ಟು, ಮೇಷ್ಟ್ರ ಎದುರಿನಿಂದ ಸುತ್ತಿಕೊಂಡು ಹೋಗಿ, ಲೋಟವನ್ನು ಅವರ ಬಲಗೈ ಪಕ್ಕದ ಸ್ಟೂಲಿನ ಮೇಲಿಟ್ಟರು. ಎಡಗಡೆ ಗೋಡೆ ಪಕ್ಕದಲ್ಲಿ ಆ ಕುರ್ಚಿ ಬಿಟ್ಟರೆ ಒಂದೂ ಸಾಮಾನಿರಲಿಲ್ಲ. ಪೇಪರ್, ರೇಡಿಯೊ, ಟವೆಲ್, ಎಲ್ಲ ಬಲಗಡೆ. ಕಂಪ್ಯೂಟರಿನ ಪಕ್ಕದ ನೀರಿನ ಚೊಂಬೂ ಬಲಗಡೆ.

ನಾನು ನೋಡುತ್ತಿದ್ದುದನ್ನು ಸರಸಮ್ಮ ನೋಡಿದರು.

“ಒಂದ್ ವರ್ಷದಿಂದ ಇಂಗೇ ಇಡ್ತಾ ಇವ್ನಿ,” ಅಂದರು ಮೆಲ್ಲಗೆ, ಎಡಗಡೆಯ ಕುರ್ಚಿಯ ಪಕ್ಕಕ್ಕೆ ಸರಿದು. “ಎಡಗಡೆ ಇಟ್ರೆ ಉರುಳಿಸ್ಬುಡೋರು. ಉರುಳಿಸಿ ಅವ್ರೇ ಬೇಜಾರು ಮಾಡ್ಕಳೋರು. ಅದ್ಕೆ ಇಡೋದೇ ಬುಟ್ಬುಟ್ಟೆ.”

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. ಮೊದಲು ಕುತ್ತಿಗೆ, ಆಮೇಲೆ ಭುಜ, ಅಷ್ಟು ತಿರುಗಬೇಕು ಅವರು ಎಡಗಡೆ ನೋಡಲು. ನೋಡುತ್ತಲೇ ಇದ್ದರು. ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಒಳಗೊಬ್ಳು, ಹೊರಗೊಬ್ರು,” ಅಂದರು ಕೊನೆಗೆ. “ಇಬ್ರೂ ಸೇರ್ಕಂಡು ನನ್ನ ಗೆಲ್ಲಿಸ್ಬುಟ್ರಿ.”

ಸರಸಮ್ಮ ಮತ್ತೆ ಬಲಗಡೆಗೆ ಬಂದು ಸೆರಗಿನಿಂದ ಸ್ಟೂಲು ಒರೆಸಿದರು. ಅದು ಒದ್ದೆಯಾಗಿರಲಿಲ್ಲ.

ಹೊರಡುವಾಗ ಬಾಗಿಲವರೆಗೆ ಮೇಷ್ಟ್ರೇ ಬಂದರು. ಕ್ಷಮಿಸಿದೆ ಅನ್ನಲಿಲ್ಲ. ಆಪರೇಷನ್ ಆಗಲಿ, ನೋಡಾಣ ಅಂದರು. ಹೊಸ್ತಿಲಲ್ಲಿ ನಿಂತು, “ಒಂದ್ ಮಾತು ಮೇಡಂ. ಮತ್ತೆ ಆಡೋದೇ ಆದ್ರೆ, ಬೀಳೋ ಕಡೆ ಬೀಳೋಕ್ ಬುಡಿ. ಬಿದ್ದಿದ್ದು ನಂಗೆ ಗೊತ್ತಾಗ್ಬೇಕು.”

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಡಗಣ್ಣು ಮುಚ್ಚಿಕೊಂಡೆ. ಬಲಗಣ್ಣಿಗೆ ಎಲ್ಲ ಕಾಣುತ್ತಲೇ ಇತ್ತು. ಏನು ಕಾಣುತ್ತಿಲ್ಲ ಅನ್ನುವುದು ಮಾತ್ರ ತಿಳಿಯಲಿಲ್ಲ.

ಅಕ್ಟೋಬರ್ 14, ಭಾನುವಾರ

ಆಪರೇಷನ್ ಆಗಿ ವಾರವಾಯಿತು. ಚೆನ್ನಾಗಿ ಆಗಿದೆಯಂತೆ. ಸರಸಮ್ಮ ಈಗ ಆಗಾಗ ಫೋನ್ ಮಾಡುತ್ತಾರೆ, ಡ್ರಾಪ್ಸ್ ಹಾಕುವ ಹೊತ್ತಿನ ಬಗ್ಗೆ, ಇನ್ನೇನೇನೋ ಬಗ್ಗೆ. ಲೋಟ ಎಡಗಡೆಯೇ ಇಡು ಅಂತ ಹಟ ಹಿಡಿದಿದ್ದಾರಂತೆ ಮೇಷ್ಟ್ರು. ದಿನಕ್ಕೊಂದು ಉರುಳುತ್ತದೆ. ಒರೆಸಿ ಒರೆಸಿ ಸಾಕಾಗಿದೆ ಅಂದರು. ಆದರೆ ಈಗ ತಿರುಗಿ ನೋಡಿ ತೆಗೆದುಕೊಳ್ಳುವುದು ಕಲಿಯುತ್ತಿದ್ದಾರಂತೆ.

ವಸಿಷ್ಠನೂ ಫೋನ್ ಮಾಡಿದ; ಕಣ್ಣಿನ ವಿಷಯ ಹುಡುಗರಿಬ್ಬರಿಗೂ ಆಗಲೇ ತಿಳಿಸಿದ್ದೆ. ಬೆಂಗಳೂರಿನ ಒಬ್ಬ ಟ್ಯಾಂಕ್ ಸಿಕ್ಕಿದ್ದಾನೆ, ಬಹಳ ಚೆನ್ನಾಗಿ ಆಡುತ್ತಾನೆ, ಅವನ ಜೊತೆ ಹೋದರೆ ಗಂಟೆಯವನು ಒಂದೇ ಬೆಳಿಗ್ಗೆಗೆ ಬೀಳುತ್ತಾನೆ ಅಂದ. ಸರಿ ಅಂದೆ. ಸುಸ್ತಾಗಿತ್ತು, ವಾದಿಸಲಿಲ್ಲ.

ಅವನು ಫೋನ್ ಇಡಲಿಲ್ಲ.

“ಬೇಡ ಅನ್ಸುತ್ತೆ ಮೇಡಂ,” ಅಂದ. “ಆ ಮನುಷ್ಯ ಆಟದಲ್ಲಿ ಮಾತೇ ಆಡಲ್ಲ. ಸರಪಳಿ ಗಿರಪಳಿ ಏನೂ ಇಲ್ಲ.” ಮತ್ತೆ, “ಮೇಷ್ಟ್ರು ಬಂದ್ರೆ ಅವರ ಎಡಗಡೆ ನಾನು ನಿಲ್ತೀನಿ. ಎಡಗೈ ಎತ್ತಿದಾಗ ಕೂಗ್ತೀನಿ. ನಾನು ಹೊಡೆಯೋದು ಕಮ್ಮಿಯಾಗುತ್ತೆ, ಗಂಟೆಯವನು ಬೀಳೋದು ನಿಧಾನವಾಗುತ್ತೆ. ಆಗ್ಲಿ.”

ಅದನ್ನು ಮೇಷ್ಟ್ರಿಗೇ ಹೇಳು ಅಂದೆ. ಹೇಳಿದೆ ಅಂದ. ಏನಂದರು? “ಎಡ ಮೂಲೆ ಅಂದ್ರೆ ಸುಮ್ನೆ ಅಲ್ಲ ಕಣಯ್ಯಾ, ನಿಂಗಾಗತ್ತಾ ಅಂದ್ರು.”

ಬರುತ್ತೇನೆ ಅಂದರಾ ಅಂತ ಕೇಳಿದೆ. ಇಲ್ಲ, ಅದು ಹೇಳಲಿಲ್ಲ ಅಂದ.

ನವೆಂಬರ್ 4, ಭಾನುವಾರ. ಬೆಳಿಗ್ಗೆ ಆರು

ಪರದೆ ಒಂದು ಗಂಟೆ ನೋಡಬಹುದು ಅಂದಿದ್ದಾರಂತೆ ಡಾಕ್ಟರು. ಸರಸಮ್ಮ ನಿನ್ನೆ ಹೇಳಿದರು. ಇವತ್ತು ಕೂರುತ್ತಾರೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಕೇಳಿದರೆ ಕರೆಂಟ್ ನೋಡಿಕೊಂಡು ಅನ್ನುತ್ತಾರಂತೆ. ನಿಜಕ್ಕೂ ಕರೆಂಟೇ ಹೋಗಬಹುದು, ಅವರ ಊರಿನ ಸರದಿ ಈ ವಾರ ಆರರ ಮೇಲೆ. ಹೋದರೂ ಎರಡು ಮಿಸ್ಡ್ ಕಾಲ್, ಬರಲು ಮನಸ್ಸಿಲ್ಲದಿದ್ದರೂ ಎರಡು. ನಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದು ಅವರ ಹಕ್ಕು.

ಇವರು ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಇವತ್ತು ಔಷಧಿ ಹಚ್ಚೋಕೆ ಯಾರೂ ಇಲ್ವಾ ಅಂದರು. ನಾನು ನಗದೇ ಇದ್ದದ್ದು ಕಂಡು ತಾವೇ ಹಾಲು ಕಾಯಿಸಲು ಹೋದರು.

ನಿಶ್ಚಯ ಮಾಡಿಕೊಂಡಿದ್ದೇನೆ. ಎಡಗೈ ಗಂಟೆ ಎದ್ದರೆ ವಸಿಷ್ಠ ಕೂಗುತ್ತಾನೆ. ಅವರು ಸರಿದರೆ ಸರಿದರು. ಇಲ್ಲದಿದ್ದರೆ ಪೆಟ್ಟು ಬೀಳಲಿ, ಪಟ್ಟಿ ಕುಗ್ಗಲಿ, ಅವರು ಕಾಣಲಿ. ಆಮೇಲೆ ನನ್ನ ಕೆಲಸ. ಬೆರಳು ಮಾತು ಕೇಳುತ್ತದೋ ಇಲ್ಲವೋ. ಅದಕ್ಕೆ ಪೆಟ್ಟಿಗೆ ಮೊದಲೇ ಓಡುವ ಅಭ್ಯಾಸ.

ಪ್ರದ್ಯುಮ್ನ, ಒಂದು ಮಿಸ್ಡ್ ಕಾಲ್.

ವಸಿಷ್ಠ, ಒಂದು.

ಹೊಳೆನರಸೀಪುರದ್ದು ಇನ್ನೂ ಇಲ್ಲ. ಹೊರಗೆ ಬೆಳಕಾಗಿದೆ. ಹಾಲಿನವನ ಸೈಕಲ್ಲು...

ಫೋನ್. ಅಪ್ಪಾಜಿ ಮೇಷ್ಟ್ರು. ಒಂದು ರಿಂಗ್, ನಿಂತಿತು.

ಇನ್ನೊಂದು ಬರುತ್ತದೆಯೇ. ಕೈಯಲ್ಲೇ ಹಿಡಿದು ಬರೆಯುತ್ತಿದ್ದೇನೆ. ಬಂದಿಲ್ಲ. ಇನ್ನೂ ಇಲ್ಲ. ಫೋನ್ ಸುಮ್ಮನಿದೆ, ಹಾಗಾದರೆ ಅವರು ಕೂತಿದ್ದಾರೆ. ಹೆಡ್‌ಫೋನ್ ಎಲ್ಲಿ—